ಸುಟ್ಟ ಗೀಸರ್ ಕಾಯಿಲ್

ಜಮಖಂಡಿಯಲ್ಲಿ ಮಂದಿಯ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕೆಲಸ. ಒಮ್ಮೆ ರಬಕವಿಯ ಮಗ್ಗದ ಮಾಲೀಕರಾದ ಮಲ್ಲಪ್ಪನವರು ಬಂದು, ಸುಟ್ಟು ಕರ್ರಗಾದ ಗೀಸರ್ ಕಾಯಿಲ್ಲನ್ನು ನನ್ನ ಟೇಬಲ್ ಮೇಲಿಟ್ಟರು.

"ನಾ ಬಾಡಿಗಿ ಕೊಟ್ಟ ಮನ್ಯಾಗ ಹೊಸಾ ಗೀಸರ್ ಹಾಕಿಸೇನ್ರಿ, ಟ್ಯಾಕ್ಸಿನ್ಯಾಗ ಖರ್ಚು ಹಿಡೀರಿ. ಬಿಲ್ಲೂ ಐತಿ, ಹಳೇದೂ ತಂದೇನಿ. ಸರಕಾರದವ್ರು ನೋಡ್ಲಿ."

ಅವರ ಮಗ್ಗದಲ್ಲಿ ಸವೆದ ಲಾಳಿ ಒಪ್ಪಿಸಿದರೆ ಮಾತ್ರ ನೇಕಾರನಿಗೆ ಹೊಸ ಲಾಳಿ. ಸರಕಾರವೂ ಹಾಗೇ ಎಂದುಕೊಂಡಿದ್ದರು.

"ಇದು ಬ್ಯಾಡ್ರಿ ಮಾಲಕ್ರ," ಅಂದೆ. "ಬಾಡಿಗ್ಯಾಗ ನೂರಕ್ಕ ಮೂವತ್ತು ರೂಪಾಯಿ ಟ್ಯಾಕ್ಸ್ ಇಲ್ಲದಂಗ ಬಿಟ್ಟೇ ಬಿಡ್ತಾರ. ರಿಪೇರಿ ಎಲ್ಲಾ ಅದ್ರಾಗ ಬಂತು. ಗೀಸರಿಗಂತ ಬ್ಯಾರೆ ಏನೂ ಸಿಗಂಗಿಲ್ರಿ."

"ಏನೂ ರಿಪೇರಿ ಮಾಡಸದವ್ರಿಗೆ?"

"ಅವ್ರಿಗೂ ಅಷ್ಟರಿ."

ಮಲ್ಲಪ್ಪನವರು ಬಿಲ್ಲನ್ನು ಮಡಚಿ ಜೇಬಿಗಿಟ್ಟರು.

"ಹಂಗಾರ ನಮ್ಮ ಬಾಡಿಗಿಯವ್ರು ತಣ್ಣೀರ ಜಳಕಾ ಮಾಡಿದ್ರೂ ಸರಕಾರಕ್ಕ ನಡೀತಿತ್ತೇನ್ರಿ?" ಎಂದು ಕಾಯಿಲ್ಲನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು.

ನಾನಿರುವ ಬಾಡಿಗೆ ಮನೆಯ ಗೀಸರ್ ಕೆಟ್ಟು ಎರಡು ವರ್ಷವಾಯಿತು. ನಮ್ಮ ಮನೆ ಮಾಲೀಕರನ್ನು ಕೂರಿಸಿಕೊಂಡು ಈ ಕಾಯ್ದೆಯನ್ನು ತಿಳಿಸಿ ಹೇಳಿದವನು ನಾನೇ.