ವಿಶ್ವದ ಆಚೆಯಿಂದ ಎರಡು ಸಲ

ಊರಿನ ತಾರಾಲಯದಲ್ಲಿ ವಿವರಣೆ ಹೇಳುತ್ತಿದ್ದ ಅವರನ್ನು ಜೊತೆಯವರು ಎದುರಿಗೆ ಬ್ರಹ್ಮಾಂಡ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಬ್ರಹ್ಮಾಂಡ. ಅವರಿಗೆ ಎರಡೂ ಇಷ್ಟವೇ. ಕತ್ತಲಲ್ಲಿ ಮೈಕು ಹಿಡಿದು, ಗುಮ್ಮಟದ ತುಂಬ ನಕ್ಷತ್ರ ಹೊತ್ತಿಸಿ ಆರಿಸುವ ಮನುಷ್ಯನಿಗೆ ಅಷ್ಟು ಜಂಬವಾದರೂ ಬೇಡವೇ? ಮನೆಯಲ್ಲಿ ಬಲ್ಬು ಬದಲಾಯಿಸಲು ಮಾತ್ರ ಹೆಂಡತಿಯೇ ಸ್ಟೂಲು ಹತ್ತಬೇಕಿತ್ತು.

ಹೆಂಡತಿಗೆ ಅದೇ ತಾರಾಲಯದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ. ಒಂದು ಪ್ರದರ್ಶನಕ್ಕೆ ನಲವತ್ತು ನಿಮಿಷ. ಆದರೆ ಕೊನೆಯ ಭಾಗಕ್ಕೆ ಬಂದರೆ ಬ್ರಹ್ಮಾಂಡರ ಮಾತಿಗೆ ಲಗಾಮಿರುತ್ತಿರಲಿಲ್ಲ. ಇರುವುದೆಲ್ಲ ಸೇರಿದರೆ ಅದೇ ವಿಶ್ವ, ಒಂದು ಸಾಸಿವೆಯನ್ನೂ ಹೊರಗೆ ಬಿಟ್ಟಿಲ್ಲ, ಆದ್ದರಿಂದ ಅದರ ಆಚೆ ಏನೂ ಇಲ್ಲ ಎಂದು ದನಿ ತಗ್ಗಿಸುತ್ತಿದ್ದರು. ಜನ ಉಸಿರು ಬಿಗಿಹಿಡಿದು ಕೂತಿರುವಾಗ ತಗಡಿನ ಗೋಡೆಯ ಹೊರಗಿನಿಂದ ಟಕ್ ಟಕ್ ಎಂದು ಎರಡು ಸಲ ಸದ್ದು. ಹೊತ್ತಾಯಿತು, ಮುಗಿಸಿ ಎಂದು ಅವಳು ಬಾಗಿಲಿನ ಬೀಗದಿಂದ ತಟ್ಟುವುದು. ಜನ ಗೊಳ್ಳೆಂದು ನಗುತ್ತಿದ್ದರು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

"ಆಚೆ ಏನೂ ಇಲ್ಲ ಅಂತ ನಾನು ಹೇಳೋದು, ಆಚೆಯಿಂದ ನೀನು ತಟ್ಟೋದು. ನನ್ನ ಮರ್ಯಾದೆ ಏನಾಗಬೇಕೇ?" ಎಂದು ಒಮ್ಮೆ ಊಟದ ಹೊತ್ತಿನಲ್ಲಿ ರೇಗಿದ್ದರು.

"ಆಚೆ ನಾನಿದ್ದೀನಲ್ರೀ. ನನ್ನ ಜೊತೆ ನೂರು ಜನ ಬಿಸಿಲಲ್ಲಿ ನಿಂತಿದ್ದಾರೆ. ನಿಮ್ಮ ವಿಶ್ವ ಸ್ವಲ್ಪ ಬೇಗ ಮುಗಿಸಿ" ಎಂದು ಅವಳು ಡಬ್ಬಿಯ ಮುಚ್ಚಳ ಹಾಕಿದ್ದಳು.

ಸೋಮವಾರ ತಾರಾಲಯಕ್ಕೆ ರಜೆ. ಅಂಥದೊಂದು ಸೋಮವಾರ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವಳು, ನಾಳೆ ಬಾಗಿಲಿಗೆ ಯಾರು, ನಿಮ್ಮನ್ನು ನಿಲ್ಲಿಸುವವರು ಬೇಕಲ್ಲ ಎಂದು ಕೇಳಿದಳು. ಗುರುವಾರ ಬೆಳಗ್ಗೆ ತೀರಿಕೊಂಡಳು.

ಎರಡು ವಾರ ಬಿಟ್ಟು ಅವರು ಕೆಲಸಕ್ಕೆ ಬಂದರು. ಅಂದಿನಿಂದ ಪ್ರದರ್ಶನಗಳು ಮುಗಿಯುವುದನ್ನೇ ಮರೆತವು. ಆಚೆ ಏನೂ ಇಲ್ಲ ಎನ್ನುವವರೆಗೆ ಎಲ್ಲ ಸರಿ. ಆಮೇಲೆ ಅವರು ಸುಮ್ಮನಾಗಿ ಕತ್ತಲಲ್ಲಿ ಕಾಯುವರು. ಸದ್ದಿಲ್ಲ. ಮತ್ತೆ ಶನಿಗ್ರಹದಿಂದ ಶುರುಮಾಡಿ, ಅದೇ ಮಾತಿಗೆ ಬಂದು, ಮತ್ತೆ ಕಾಯುವರು. ಬಾಗಿಲಿಗೆ ಹೊಸದಾಗಿ ಬಂದವನು ಪಾಪ ಒಳ್ಳೆಯವನು. ಒಂದು ದಿನ ಹೊತ್ತು ಮೀರಿತೆಂದು ತಗಡಿನ ಗೋಡೆಯನ್ನು ಗುದ್ದಿಯೇ ಗುದ್ದಿದ. ಇವರು ಹೊರಗೆ ಬಂದು ಅವನ ಕೈ ಹಿಡಿದುಕೊಂಡು, "ನೀನು ಮಾತ್ರ ತಟ್ಟಬೇಡಪ್ಪ. ತಟ್ಟಿದ್ದು ಯಾರು ಅಂತ ನನಗೆ ಗೊತ್ತಾಗಬೇಕು" ಎಂದರು. ಅವನು ಮತ್ತೆ ತಟ್ಟಲಿಲ್ಲ.

ಬಾಗಿಲಿಗಿಂತ ನಾಮಫಲಕವೇ ದೊಡ್ಡದಿದ್ದ ಮೇಲಧಿಕಾರಿಗಳು ಜ್ಞಾಪನ ಕಳಿಸಿದರು. ವಿಶ್ವದ ವಿಸ್ತಾರದ ಬಗ್ಗೆ ಆಡಳಿತಕ್ಕೆ ಆಕ್ಷೇಪವಿಲ್ಲ, ಆದರೆ ಅದು ನಲವತ್ತು ನಿಮಿಷದೊಳಗೆ ಮುಗಿಯತಕ್ಕದ್ದು. ಇನ್ನೊಮ್ಮೆ ತಪ್ಪಿದರೆ ವಿವರಣೆಯನ್ನು ಧ್ವನಿಮುದ್ರಿಸಿ ಹಾಕಲಾಗುವುದು. ಮರುದಿನ ಮೇಲಧಿಕಾರಿಗಳು ತಾವೇ ಬಂದು, ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತರು.

ಬ್ರಹ್ಮಾಂಡರು ಕೊನೆಯ ಮಾತಿಗೆ ಬಂದರು. ಇರುವುದೆಲ್ಲ ಸೇರಿದರೆ ವಿಶ್ವ. ಆಚೆ ಏನೂ ಇಲ್ಲ. ಸುಮ್ಮನಾದರು. ತಗಡು ಬಿಸಿಲಿಗೆ ಹಿಗ್ಗಿ ಎಲ್ಲೋ ಒಂದು ಸಲ ಟಕ್ ಎಂದಿತು. ಅವರು ಮೈಕನ್ನು ಎದೆಗೊತ್ತಿಕೊಂಡು ಎರಡನೆಯದಕ್ಕೆ ಕಿವಿಗೊಟ್ಟರು. ಬರಲಿಲ್ಲ.

ಮುಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರ ದನಿ ಕೇಳಿಸಿತು. "ಆಚೆ ಏನೂ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀರಪ್ಪ? ಇದ್ದರೂ ಇರಬಹುದಲ್ಲ?"

ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಗೆ ಅವರ ಬಳಿ ಹದಿನೈದು ನಿಮಿಷದ ಉತ್ತರವಿತ್ತು.

"ಇದ್ದಿದ್ದರೆ ಇಷ್ಟು ಹೊತ್ತಿಗೆ ತಟ್ಟಿರೋಳು, ತಾಯಿ" ಎಂದು ದೀಪ ಹಾಕಿದರು.

ಮೇಲಧಿಕಾರಿಗಳು ಗಡಿಯಾರ ನೋಡಿದರು. ಸರಿಯಾಗಿ ನಲವತ್ತು ನಿಮಿಷ. ತೃಪ್ತಿಕರ ಎಂದು ಬರೆದುಕೊಂಡು ಎದ್ದುಹೋದರು.