ಬೀಗರ ಮನೆಯ ಗೋಡೆ

ಮೊದಲು ಚಿತ್ರ ಬರೆದದ್ದು ಕೊಟ್ಟಿಗೆಯ ಗೋಡೆಯ ಮೇಲೆ. ತೊಣ್ಣೂರು ಕೆರೆಯ ಪಕ್ಕದ ಊರಿನಲ್ಲಿ ಅಕ್ಕನ ಮನೆ. ಕಾಯಿಲೆ ಬಂದ ಮೇಲೆ ನಾನು ಅಲ್ಲೇ ಇದ್ದೇನೆ. ಮೈಸೂರಿನ ಡಾಕ್ಟರು ‘ಕೈಗೆ ಏನಾದರೂ ಕೆಲಸ ಕೊಡಿ’ ಎಂದಿದ್ದರು. ಭಾವ ಸಗಣಿ ಬಾಚುವ ಕೆಲಸ ಕೊಟ್ಟರು. ಬಾಚಿ ಮುಗಿದ ಮೇಲೆ, ಮನೆಗೆ ಹೊಡೆಸಿ ಮಿಕ್ಕಿದ್ದ ಬಣ್ಣದಲ್ಲಿ ಒಂದು ಗಿಳಿ ಬರೆದೆ. ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ, ಹಾಗೆ ಎಮ್ಮೆ ಮೈ ಉಜ್ಜಿ ಅಳಿಸಿಹಾಕಿತು. ಮಾರನೆಯ ದಿನ ಇನ್ನೊಂದು ಬರೆದೆ.

ಕಾಯಿಲೆಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ತಲೆಯೊಳಗೆ ಯಾರ್ಯಾರೋ ಮಾತಾಡುತ್ತಿದ್ದರು. ಮಾತ್ರೆ ಶುರುವಾದ ಮೇಲೆ ಅವರು ಹೋದರು, ಅವರ ಜೊತೆ ನಾನೂ ಮುಕ್ಕಾಲು ಪಾಲು ಹೋದೆ. ಹಬ್ಬ ಬಂದರೂ ಒಂದೇ, ಸಾವಾದರೂ ಒಂದೇ. ಬ್ರಷ್ಷು ಹಿಡಿದ ಮೇಲೆ ಬೆಳಿಗ್ಗೆ ಏಳಲು ಒಂದು ಕಾರಣ ಸಿಕ್ಕಿತು: ಗಿಳಿಯ ರೆಕ್ಕೆ ಇನ್ನೂ ಆಗಿಲ್ಲ. ಅದನ್ನು ಸಂತೋಷ ಎಂದರೆ ಸುಳ್ಳಾಗುತ್ತದೆ.

ಅಕ್ಕನ ಮಗಳಿಗೆ ನಾಗಮಂಗಲದ ಕಡೆಯ ಗಂಡು ಗೊತ್ತಾಯಿತು. ನಮ್ಮಲ್ಲಿ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅವಳಿಗೆ ಇರುವ ಸೋದರಮಾವ ನಾನೊಬ್ಬನೇ. ಅಕ್ಕ ತಟ್ಟೆಗೆ ಮುದ್ದೆ ಹಾಕುತ್ತಾ, ಮುಖ ನೋಡದೆ ಹೇಳಿದಳು: “ದೊಡ್ಡಪ್ಪನ ಮಗ ಕರ್ಕಂಬತ್ತಾನೆ ಕಣ್ಲಾ. ಬೀಗ್ರಿಗೆ ನಿನ್ ಇಸ್ಯ ಗೊತ್ತಾದ್ರೆ ಮದ್ವೆ ಮುರ್ದೋಯ್ತದೆ. ಆವತ್ತು ನೀನು ಮಾಕವಳ್ಳಿ ಅತ್ತೆ ಮನೇಲಿರು.”

ಸರಿ ಎಂದೆ. ಅಕ್ಕ ಕೆಟ್ಟವಳಲ್ಲ, ಎಲ್ಲರೂ ಕೈಬಿಟ್ಟಾಗ ಅನ್ನ ಹಾಕಿದವಳು. ಬೇಜಾರಾಗಬೇಕಿತ್ತು. ಅವಳ ಮಾತು ದೂರದ ಗದ್ದೆಯಲ್ಲಿ ಪಂಪ್‌ಸೆಟ್ಟು ಓಡಿದ ಹಾಗೆ ಕೇಳಿಸಿತು, ಅಷ್ಟೇ.

ಈಗ ಮದುವೆ ಮನೆಗೆ ಎಲ್ಲರೂ ಫ್ಲೆಕ್ಸ್ ಕಟ್ಟಿಸುತ್ತಾರೆ. ಹುಡುಗಿ ಮಾತ್ರ ಹಟ ಹಿಡಿದಳು: “ಬಾಗ್ಲು ಪಕ್ಕದ ಗ್ವಾಡೇಲಿ ನಮ್ಮಾವನೇ ಬರೀಲಿ.” ಸುಣ್ಣ ಬಳಿದು ಬಾಳೆಗಿಡ, ಆನೆ, ಜೋಡಿ ಗಿಳಿ ಬರೆದೆ, ನಡುವೆ ಹೆಣ್ಣುಗಂಡಿನ ಹೆಸರು. ಮಾತ್ರೆಗೆ ಕೈ ನಡುಗುತ್ತದೆ; ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡಿದು ಬರೆಯುತ್ತೇನೆ.

ಲಗ್ನಪತ್ರಿಕೆ ಶಾಸ್ತ್ರಕ್ಕೆ ಬಂದ ಗಂಡಿನ ಅಪ್ಪ ಆ ಗೋಡೆಯ ಮುಂದೆ ನಿಂತುಬಿಟ್ಟರಂತೆ. ನನ್ನನ್ನು ಕೊಟ್ಟಿಗೆಗೆ ಅಟ್ಟಿದ್ದರು, ಮಾತು ಕೇಳಿಸುತ್ತಿತ್ತು.

“ಯಾರ್ ಬರ್ದಿದ್ದು ಬೀಗ್ತಿ?”

“ಪ್ಯಾಟೆ ಪೇಂಟ್ರು ಕಣಣ್ಣ.”

“ಅಂಗಾದ್ರೆ ನಮ್ಮನೆಗೂ ಕಳ್ಸಿ.”

ಬೀಗರ ಮಾತು ತೆಗೆದುಹಾಕಲು ಅಕ್ಕನಿಗೆ ಬಾಯಿ ಬರಲಿಲ್ಲ. ಹೀಗೆ ನಾನು ಪೇಂಟರಾಗಿ ಬೀಗರ ಮನೆಗೆ ಹೊರಟೆ. “ಅಲ್ಲಿ ಬಾಯ್ ಬುಟ್ಟೀಯ, ಉಸಾರು,” ಎಂದು ಭಾವ ಪಾಂಡವಪುರದಲ್ಲಿ ಬಸ್ಸು ಹತ್ತಿಸಿದರು.

ಮಧ್ಯಾಹ್ನದ ಹೊತ್ತಿಗೆ ಆನೆ ಮುಗಿದಿತ್ತು. ಗಂಡಿನ ತಾಯಿ ಜಗಲಿಯ ಮೇಲೆ ನನಗೆ ಮುದ್ದೆ, ಅವರೆಕಾಳು ಸಾರು ಇಟ್ಟು, ಕಂಬಕ್ಕೆ ಒರಗಿ ಕೂತರು.

“ನೀನು ಎಣ್ಣಿನ ಊರೋನೇ ಅಲ್ವಾ? ಅವಳ ಸೋದ್ರಮಾವುಂಗೆ ತಲೆ ಸರಿಯಿಲ್ವಂತೆ, ದಿಟವೇನಪ್ಪ?”

ಇವರಿಗೆ ಗೊತ್ತಿತ್ತು! ಮುಚ್ಚಿಟ್ಟಿದ್ದೇವೆ ಎಂದುಕೊಂಡಿದ್ದವರು ನಾವು ಮಾತ್ರ. ತುತ್ತು ಕೈಯಲ್ಲೇ ನಿಂತಿತು. ಭಯವಾಯಿತು, ಎಷ್ಟೋ ಕಾಲದ ಮೇಲೆ ಭಯವಾಯಿತು. ಹೌದೆಂದರೆ ಹುಡುಗಿಯ ಮದುವೆ ಹೋಗುತ್ತದೆ. ಇಲ್ಲವೆಂದರೆ ನಾನೇ ಇಲ್ಲವೆಂದ ಹಾಗೆ.

“ಕಾಯ್ಲೆ ಅದೆ ಕಣವ್ವ. ಮಾತ್ರೆ ತಗತಾನೆ. ಇವಾಗ ಗ್ವಾಡೆ ಮ್ಯಾಲೆ ಬರೀತಾನೆ.”

ಆಕೆ ಗೋಡೆ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಅದು ನಡುಗುತ್ತಿತ್ತು, ತಡೆಯಲು ಹೋಗಲಿಲ್ಲ. ಎದ್ದು ನನ್ನ ಮುಂದಿನ ತಟ್ಟೆ ಎತ್ತಿಕೊಂಡರು. ಮದುವೆ ಮುರಿಯಿತು ಎಂದುಕೊಂಡೆ.

“ಬೀಗ್ರು ಜಗ್ಲಿ ಮ್ಯಾಲೆ ಉಣ್ಬಾರ್ದು, ಒಳೀಕೆ ಬನ್ನಿ,” ಎಂದರು. “ಎಣ್ಣ ಮಂಟಪಕ್ಕೆ ನೀವೇ ಕರ್ಕಂಬರ್ಬೇಕು. ಇನ್ಯಾರೋ ಕರ್ಕಂಬಂದ್ರೆ ನಾನೊಪ್ಪಾಕಿಲ್ಲ.”

ಅಳು ಬರಲಿ ಎಂದು ಕಾದೆ, ಬರಲಿಲ್ಲ. ಮುದ್ದೆ ಅಂಟಿದ ಕೈಯಲ್ಲೇ ಎದ್ದು, ತಲೆ ಬಗ್ಗಿಸಿ ಹೊಸಿಲು ದಾಟಿದೆ.