ಕಸ ಹೊತ್ತ ಹುಳುವೂ ನಾಗಿಯ ಅಲಸಂದೆಯೂ

ನನಗೆ ಹೊಟ್ಟೆಕಿಚ್ಚು ಬರುವುದು ಬೆಳಿಗ್ಗೆ ಆರೂಕಾಲಿಗೆ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಐದೂಮುಕ್ಕಾಲಿಗೆ ಚಹಾ, ಆರಕ್ಕೆ ಹಿತ್ತಲು. ಅಲಸಂದೆ ಚಪ್ಪರದ ಕೊನೆಯ ಕಂಬ ತಲುಪುವಾಗ ಆರೂಕಾಲು ಆಗಿರುತ್ತದೆ. ಅಲ್ಲಿಂದ ಬೇಲಿಯಾಚೆ ನಾಗಿಯ ಅಲಸಂದೆ ಕಾಣುತ್ತದೆ. ದಿನದ ಉಳಿದ ಹೊತ್ತಿನಲ್ಲಿ ನಾನು ಸಾಕಷ್ಟು ಒಳ್ಳೆಯ ಹೆಂಗಸೇ.

ಭಟ್ಕಳ, ಹೊನ್ನಾವರ, ಕುಮಟಾ ಎಂದು ತಿರುಗುತ್ತ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ ಧಾರೇಶ್ವರದಲ್ಲಿ ಮನೆ ಮಾಡಿದೆ. ಊರಿಗೆ ಈಗಲೂ ನರ್ಸ್‌ಬಾಯಿ. ವಾರ್ಡಿನಲ್ಲಿ ಚಾದರದ ಮೂಲೆ ಸೊಟ್ಟಗಿದ್ದರೆ ರೋಗಿಯನ್ನೇ ಎಬ್ಬಿಸಿ ಕೂರಿಸಿ ಮತ್ತೆ ಹಾಸಿದವಳು ಎಂಬ ಅಪಖ್ಯಾತಿ ನನಗಿದೆ. ಅದು ಸುಳ್ಳಲ್ಲ. ಹಿತ್ತಲಿಗೂ ಅದೇ ಶಿಸ್ತು. ಬಳ್ಳಿಯಿಂದ ಬಳ್ಳಿಗೆ ಒಂದು ಮೊಳ. ಉದುರಿದ ಎಲೆ ಆರೂವರೆಯ ನಂತರ ನೆಲದ ಮೇಲೆ ಇರುವಂತಿಲ್ಲ. ದಿನಕ್ಕೊಂದು ಸಾಲಿನಂತೆ ಎಲೆಗಳ ಅಡಿಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ, ಮಲಗಿದವರಿಗೆ ಮೈ ಒರೆಸಿದ ಹಾಗೆಯೇ.

ನಾಗಿಯ ಹಿತ್ತಲಿನಲ್ಲಿ ಸಾಲು ಎಂಬುದೇ ಇಲ್ಲ. ಅವಳ ಮನೆಯವರು ತಲೆತಲಾಂತರದಿಂದ ತರಕಾರಿ ಬೆಳೆದು ಮಾರುವವರು. ಆದರೂ ಹಿತ್ತಲು ನೋಡಿದರೆ ಯಾರೋ ಮನೆ ಖಾಲಿ ಮಾಡಿ ಹೋದಂತಿರುತ್ತದೆ. ಒಣ ಸೋಗೆ, ತೆಂಗಿನ ಸಿಪ್ಪೆ, ಎಲ್ಲದರ ಮೇಲೆ ಹತ್ತಿದ ಕುಂಬಳಬಳ್ಳಿ, ನಡುವೆ ಕೋಳಿ. ಅವಳು ಹಾಡಿಕೊಳ್ಳುತ್ತ ಕೆಲಸ ಮಾಡುತ್ತಾಳೆ. ಕೆಲಸ ಮುಗಿದರೂ ಹಾಡು ಮುಗಿಯದಿದ್ದರೆ ಅಲ್ಲೇ ಕೂತು ಹಾಡು ಮುಗಿಸಿ ಏಳುತ್ತಾಳೆ. ಇಂಥವಳ ಅಲಸಂದೆ ಚಪ್ಪರದಿಂದ ಕೆಳಗೆ ತೋಳುದ್ದ ಜೋತಾಡುತ್ತದೆ, ಕೆಂಪಗೆ, ಹೊಳೆಯುತ್ತ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಆದರೆ ಆ ಅಲಸಂದೆ ನನ್ನ ಅಮ್ಮನದು.

ಭಟ್ಕಳದ ಹತ್ತಿರ ಮುಟ್ಟಳ್ಳಿಯ ನಮ್ಮ ಮನೆಯಲ್ಲಿ ಗದ್ದೆ ಕೊಯ್ಲಾದ ಮೇಲೆ ಅಮ್ಮ ಹಾಕುತ್ತಿದ್ದ ಕೆಂಪು ಅಲಸಂದೆ ಬೇರೆಲ್ಲೂ ನಾನು ಕಂಡದ್ದಲ್ಲ. ಕೆಲಸಕ್ಕೆ ಸೇರಿದಾಗ ಒಂದು ಬಾಟಲಿಯಲ್ಲಿ ಬೂದಿ ಬೆರೆಸಿ ಬೀಜ ಕೊಟ್ಟಿದ್ದಳು. ಎಷ್ಟು ಸಲ ವರ್ಗವಾಯಿತೋ ಅಷ್ಟೂ ಕ್ವಾರ್ಟರ್ಸುಗಳ ಹಿಂದೆ ಅದನ್ನು ಬೆಳೆಸಿ, ಬೀಜ ಹಿಡಿದು, ಮತ್ತೆ ಬಾಟಲಿಗೆ ತುಂಬಿದ್ದೇನೆ. ಬೀಜಕ್ಕೆ ವಯಸ್ಸಾದರೆ ಮೊಳೆಯುವುದಿಲ್ಲ, ಆದ್ದರಿಂದ ಒಂದು ವರ್ಷವೂ ತಪ್ಪಿಸುವಂತಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷ ನೆರೆಯವಳೆಂದು ನಾಗಿಗೆ ಒಂದು ಮುಷ್ಟಿ ಕೊಟ್ಟೆ. ಕಳೆದ ವರ್ಷ ಕುಮಟಾ ಸಂತೆಯಲ್ಲಿ ಒಬ್ಬಳು ಅದೇ ಕಾಯಿಯ ಕಟ್ಟು ಹಿಡಿದು ನನಗೇ ಹೇಳಿದಳು: “ಇದು ನಾಗಿ ಅಲಸಂದೆ ಅಮ್ಮಾ, ಮತ್ತೆಲ್ಲೂ ಸಿಗೂದಿಲ್ಲ.” ನಾನು ಕಟ್ಟನ್ನು ಕೆಳಗಿಟ್ಟು ಬಸ್ಸು ಹತ್ತಿದೆ. ಆ ದಿನ ಮನೆಗೆ ಬೇರೆ ತರಕಾರಿಯನ್ನೂ ತರಲಿಲ್ಲ.

ಈ ವರ್ಷ ನನ್ನ ಬಳ್ಳಿಗೆ ಕರಿಹೇನು ಹತ್ತಿತು. ಎಳೆಯ ಕುಡಿಗೆ ಎಳ್ಳು ಮೆತ್ತಿದಂತೆ ಕೂತು ರಸ ಹೀರುವ ಹುಳು. ಸಾಬೂನಿನ ನೀರು, ಬೇವಿನೆಣ್ಣೆ, ದಿನಕ್ಕೊಂದು ಸಾಲು ಹೋಗಿ ಎರಡು ಸಾಲು ಒರೆಸುವುದು, ಎಲ್ಲ ಆಯಿತು. ಕುಡಿ ಮುರುಟಿ ಹೂವು ಉದುರಿತು. ಬಾಟಲಿಯಲ್ಲಿದ್ದ ಬೀಜವನ್ನೆಲ್ಲ ಹಾಕಿಬಿಟ್ಟಿದ್ದೆ. ಈ ಸಲ ಕಾಯಿ ಕಟ್ಟದಿದ್ದರೆ ಅಮ್ಮನ ಬೀಜ ನನ್ನ ಕೈಯಲ್ಲಿ ಮುಗಿಯಿತು; ಬೇಕಿದ್ದರೆ ನಾಗಿಯ ಮುಂದೆ ಕೈ ಚಾಚಬೇಕು. ಅದಕ್ಕಿಂತ ಅಲಸಂದೆ ತಿನ್ನದೆ ಸಾಯುವುದು ವಾಸಿ ಎಂದುಕೊಂಡೆ.

ಮರ್ಯಾದೆ ಬಿಟ್ಟು ಬೇಲಿಯ ಹತ್ತಿರ ಹೋಗಿ ಕೇಳಿದೆ, “ನಾಗೀ, ಬಳ್ಳಿಗೆ ಎಂತ ಹೊಡಿತೆ?”

“ಎಂತ ಹೊಡಿಯೂದು ಬಾಯೋರೆ? ಅದ್ಕೆ ಹೊಡದ್ರೆ ಬೆಳೀತದ್ಯಾ? ಮಕ್ಕಳಿಗೂ ನಾ ಹೊಡೀಲಿಲ್ಲ,” ಎಂದು ನಕ್ಕಳು.

ಗುಟ್ಟು ಬಿಡುತ್ತಿಲ್ಲ ಎಂದು ತೀರ್ಮಾನಿಸಿದೆ.

ಹೊನ್ನಾವರದಲ್ಲಿ ಜೀವಶಾಸ್ತ್ರ ಕಲಿಸುವ ಅಕ್ಕನ ಮಗಳು ಸುಧಾ ಒಂದು ಭಾನುವಾರ ಬಂದಳು. ನಾನು ಒರೆಸುವುದನ್ನು ನೋಡುತ್ತ ನಿಂತಿದ್ದವಳು ತಟ್ಟನೆ ನನ್ನ ಮಣಿಕಟ್ಟು ಹಿಡಿದಳು. “ಚಿಕ್ಕಿ, ನಿಲ್ಲು. ಎಂತ ಒರೆಸ್ತಾ ಇದ್ದೆ?”

“ಬೂಷ್ಟು,” ಎಂದೆ. ಎಲೆಯಡಿ ಕೂದಲಿನಂಥ ಬಿಳಿ ಎಳೆಗಳು, ಪ್ರತಿಯೊಂದರ ತುದಿಗೆ ಒಂದು ಬಿಂದು. ತಿಂಗಳುಗಟ್ಟಲೆ ಒರೆಸಿ ಎಸೆದಿದ್ದೆ.

ಅದು ಬೂಷ್ಟಲ್ಲವಂತೆ, ಮೊಟ್ಟೆಯಂತೆ. ಸಂಜೆ ಟ್ಯೂಬ್‌ಲೈಟಿನ ಹತ್ತಿರ ಬರುವ, ಗಾಜಿನಂಥ ಹಸಿರು ರೆಕ್ಕೆ, ಬಂಗಾರದ ಕಣ್ಣಿನ ಬಡಕಲು ಕೀಟವನ್ನು ನೀವೂ ನೋಡಿರುತ್ತೀರಿ. ಪುಸ್ತಕದಲ್ಲಿ ಹಸಿರು ಜಾಲರೆಕ್ಕೆ ಎನ್ನುತ್ತಾರೆ. ಅದು ಒಂದೊಂದು ಮೊಟ್ಟೆಯನ್ನೂ ಒಂದೊಂದು ಎಳೆಯ ತುದಿಗೆ ಇಡುತ್ತದೆ. ಏಕೆಂದರೆ ಮೊದಲು ಹುಟ್ಟಿದ ಮರಿ ಪಕ್ಕದ ತಮ್ಮನನ್ನೇ ತಿಂದುಬಿಡುತ್ತದೆ. ಹುಟ್ಟುವ ಮೊದಲೇ ಮಕ್ಕಳ ಪಾಲು ಬೇರೆ ಮಾಡಿಟ್ಟ ಆ ತಾಯಿಯ ಬಗ್ಗೆ ನನಗೆ ತಕ್ಷಣ ಗೌರವ ಬಂತು. ಆ ಹೊಟ್ಟೆಬಾಕ ಮರಿಗಳ ಮುಖ್ಯ ಆಹಾರವೇ ಹೇನು. ಕುಡಗೋಲಿನಂಥ ಪೊಳ್ಳು ದವಡೆ ಚುಚ್ಚಿ, ಎತ್ತಿ ಹಿಡಿದು, ಎಳನೀರು ಕುಡಿದಂತೆ ಕುಡಿದು ಸಿಪ್ಪೆ ಬಿಡುತ್ತವೆ.

ನಮ್ಮ ಕಡೆ ಸಾಮಾನ್ಯವಾಗಿ ಎರಡು ಬಗೆ ಎಂದಳು ಸುಧಾ. ದೊಡ್ಡವಾದ ಮೇಲೆ ಎರಡೂ ಹಸಿರೇ, ಗುರುತು ಹಿಡಿಯಲು ಮುಖದ ಕಪ್ಪು ಗೆರೆ ನೋಡಬೇಕು. ಮರಿಯಲ್ಲಿ ಸುಲಭ. ಕ್ರೈಸೊಪರ್ಲ ಎಂಬುದರ ಮರಿ ಬರಿಮೈಯದು, ಅಚ್ಚುಕಟ್ಟು. ಮಲ್ಲಾಡ ಎಂಬುದರ ಮರಿ ಬೆನ್ನ ಮೇಲೆ ಕಸ ಹೊರುತ್ತದೆ: ಎಲೆ ಚೂರು, ನೂಲು, ತಾನು ತಿಂದವರ ಒಣಚರ್ಮ. ಹೇನು ಸುರಿಸುವ ಸಿಹಿರಸದ ಆಸೆಗೆ ಅದನ್ನು ಕಾಯುವ ಇರುವೆಗಳ ಕಣ್ಣಿಗೆ ಅದು ಹುಳುವಲ್ಲ, ಕಸ. ಹಾಗಾಗಿ ಕಾವಲಿನೊಳಗೇ ಊಟ.

ನನ್ನದು ಅಚ್ಚುಕಟ್ಟಿನ ಬಗೆಯೇ ಆಗಿರಲಿ ಎಂದು ಮನಸ್ಸಿನಲ್ಲೇ ಕೋರಿದೆ. ಸುಧಾ ಬೇಲಿ ದಾಟಿ ನಾಗಿಯ ಬಳ್ಳಿ ನೋಡಿ ಬಂದು, ಅಂಗೈಯಲ್ಲಿ ಒಂದು ಚೂರು ಕಸ ತೋರಿಸಿದಳು. ಕಸ ನಡೆಯಿತು.

ಆ ಕಸದ ಪರಿಚಯ ನನಗಿತ್ತು. ನಾಗಿಯ ಕಡೆಯಿಂದ ಗಾಳಿಗೆ ಹಾರಿ ಬಂದ ಹೊಲಸೆಂದು ಬೈಯುತ್ತ ದಿನಾ ನನ್ನ ಎಲೆಗಳಿಂದ ಚಿಮ್ಮಿಸಿ, ಕಾಲಿನಲ್ಲಿ ತಿಕ್ಕಿದ್ದು ಅದನ್ನೇ. ಕರಿಹೇನಿಗೆ ನಾನು ಇರುವೆಗಿಂತ ಒಳ್ಳೆಯ ಕಾವಲುಗಾರ್ತಿಯಾಗಿದ್ದೆ.

“ಮಲ್ಲಾಡ ಅಂತ ಬರೆದುಕೊಳ್ಳಲಾ?” ಎಂದು ಪುಸ್ತಕ ತೆಗೆದೆ. ಪೂರ್ತಿ ಹೆಸರು ಹೇಳಲು ದೊಡ್ಡದಾದ ಮೇಲೆ ತಿಳಿದವರು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅಲ್ಲಿಯವರೆಗೆ ಅರ್ಧ ಹೆಸರು ಸಾಕು ಎಂದಳು. ಇದು ಹಿಡಿಸಿತು. ರಿಪೋರ್ಟ್ ಬರುವ ಮೊದಲು ರೋಗದ ಹೆಸರು ಹೇಳುವ ಡಾಕ್ಟರನ್ನು ನಾನು ಎಂದೂ ನಂಬಿದವಳಲ್ಲ.

ಮರುದಿನ ಒಂದು ಬಿದಿರಿನ ಗೆರಸಿ ಹಿಡಿದು ನಾಗಿಯ ಅಂಗಳಕ್ಕೆ ಹೋದೆ. ವಿಷಯ ಹೇಳಿದೆ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. “ಕಸ ಕೇಳೂಕೆ ಬಂದ್ರಾ ಬಾಯೋರೆ? ನಮ್ಮನೆ ಕಸ?”

“ಹೌದು ಮಾರಾಯ್ತಿ. ಕೊಡ್ತ್ಯೋ ಇಲ್ಲೋ?”

“ಆತು, ಆತು. ಬೇಕಾದಷ್ಟು ತಕಂಡು ಹೋಗಿ. ಕೋಳಿನೂ ಬೇಕಾ?”

ಎಳೆಗಳಿದ್ದ ಎಲೆ ಹತ್ತು, ನಡೆಯುವ ಕಸ ಆರು. ತಂದು ಬಳ್ಳಿಗೆ ಹತ್ತಿಸಿ ಒರೆಸುವ ಬಟ್ಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಆರರಿಂದ ಆರೂವರೆಯವರೆಗೆ ಏನೂ ಮಾಡದೆ ಕುಳಿತಿರುವುದು ನನ್ನ ಜೀವನದ ಅತಿ ಕಷ್ಟದ ಡ್ಯೂಟಿ. ಎರಡು ವಾರದಲ್ಲಿ ಕುಡಿ ಬಿಚ್ಚಿಕೊಂಡವು, ಹೇನಿನ ಖಾಲಿ ಚರ್ಮ ಹೊತ್ತ ಮರಿಗಳು ದಪ್ಪಗಾದವು. ಬಳ್ಳಿ ಉಳಿಯಿತು. ಆದರೆ ಹೂವಿನ ಕಾಲ ದಾಟಿ ಬಿಸಿಲು ಬಲಿತಿತ್ತು. ಮೂರೇ ಕಾಯಿ, ಒಳಗೆ ಹನ್ನೊಂದು ಸುಕ್ಕಿದ ಬೀಜ. ಪರೀಕ್ಷೆಗೆಂದು ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಒಂದೂ ಮೊಳೆಯಲಿಲ್ಲ.

ಮೂರು ದಿನ ಬೇಲಿಯ ತನಕ ಹೋಗಿ ವಾಪಸು ಬಂದೆ. ನಾಲ್ಕನೆಯ ದಿನ ನಾಗಿಯ ಜಗಲಿಯಲ್ಲಿ ಕುಳಿತು, ನೆಲ ನೋಡುತ್ತ, “ನಿನ್ನ ಅಲಸಂದೆ ಬೀಜ ಸ್ವಲ್ಪ ಬೇಕಿತ್ತು,” ಎಂದೆ. “ನಿನ್ನ” ಎಂದು ನಾನೇ ಹೇಳಿದೆ.

ಅವಳು ಒಳಗಿನಿಂದ ತೆಂಗಿನ ಗೆರಟೆ ತುಂಬ ಬೀಜ ತಂದು ನನ್ನ ಸೆರಗಿಗೆ ಸುರಿದಳು. “ನಂದು ಎಲ್ಲಿಂದ ಬಂತು? ನಿಮ್ಮ ಅಬ್ಬೆದಲ್ವಾ? ಸಂತೆಲಿ ಕೇಳ್ದವ್ರಿಗೆಲ್ಲ ಹೇಳ್ತೆ, ಭಟ್ಕಳ ಬದಿಯ ಬೀಜ, ನರ್ಸ್‌ಬಾಯಿ ಅಬ್ಬೆದು ಅಂತ. ಅವ್ಕೆ ನೆನಪಿರೂದಿಲ್ಲ, ನಾ ಎಂತ ಮಾಡೂದು?”

ಸೆರಗು ಬಿಗಿಹಿಡಿದು ಬೇಲಿ ದಾಟಿದೆ. ಅಲಸಂದೆಯ ಹೊಟ್ಟೆಕಿಚ್ಚು ಅವಳ ಜಗಲಿಯಲ್ಲೇ ಇಳಿದು ಹೋಗಿತ್ತು. ಆದರೆ ಮನೆ ಮುಟ್ಟುವಷ್ಟರಲ್ಲಿ ಇನ್ನೊಂದು ಹುಟ್ಟಿತ್ತು. ಅಷ್ಟು ಬೀಜವನ್ನು ಅಳೆಯದೆ ಸುರಿಯುವ ಕೈ ನನಗೆ ಯಾಕಿಲ್ಲ? ನಾನಾಗಿದ್ದರೆ ಎಣಿಸಿ ಕೊಡುತ್ತಿದ್ದೆ. ಈ ಹೊಸ ಹೊಟ್ಟೆಕಿಚ್ಚಿಗೆ ಯಾವ ಔಷಧವನ್ನೂ ಹುಡುಕುತ್ತಿಲ್ಲ. ಇದು ಸ್ವಲ್ಪ ಬೆಳೆಯಲಿ ಎಂದು ಬಿಟ್ಟಿದ್ದೇನೆ.